ಯಾವ ಹೊಲದ ಗೋಧಿ

ಯರಗುಪ್ಪಿ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ಎತ್ತರದ ಕಟ್ಟಡಗಳನ್ನು ಊರವರಿಗೆ ವರ್ಣಿಸುವುದು ಸಂಪ್ರದಾಯ. ನಾನು ಹೋದಲ್ಲಿ ಎಲ್ಲಕ್ಕಿಂತ ಎತ್ತರವಾಗಿದ್ದದ್ದು ಮಿಲ್ಲಿನ ಅಂಗಳದ ಹತ್ತಿಯ ಒಟ್ಟಿಲು. ಆದ್ದರಿಂದ ಆ ಅಧ್ಯಾಯವನ್ನು ಇಲ್ಲಿಗೇ ಮುಗಿಸುತ್ತೇನೆ.

ಹೋದದ್ದು ಟಾಂಜಾನಿಯಾಕ್ಕೆ. ಕಳಿಸಿದವನು ನನ್ನ ಅಣ್ಣ ಶಿವಪ್ಪ. ಅವನ ಮಗಳು ಗಂಗಾ ಕೃಷಿ ಓದಿದವಳು. ಕೆಲವು ವರ್ಷಗಳಿಂದ ಆ ದೇಶದ ಒಂದು ಹತ್ತಿ ಮಿಲ್ಲಿನಲ್ಲಿ ಅರಳೆಯ ದರ್ಜೆ ನೋಡುವ ಕೆಲಸದಲ್ಲಿದ್ದಾಳೆ. ಮೂವತ್ತೈದು ತುಂಬುವ ಹೊತ್ತಿಗೆ ಮನೆಗೆ ಫೋನು ಮಾಡಿ, ಅಲ್ಲಿನ ದನದ ಡಾಕ್ಟರ್ ಒಬ್ಬನನ್ನು ಲಗ್ನವಾಗುತ್ತೇನೆ, ಹೆಸರು ಮಸಂಜಾ, ಅಪ್ಪ ಬರಬೇಕು ಅಂದಳು. ಮಸಂಜಾನ ಹಿರಿಯರ ಪ್ರಕಾರ ಹೆಣ್ಣಿನ ತಂದೆ ನೆರೆದ ಮಂದಿಯ ಎದುರು ಎದ್ದು ನಿಂತು "ಕೊಟ್ಟೆ" ಅನ್ನಬೇಕು. ತಂದೆಯಿಂದ ಹಾಗೆ ಅನ್ನಿಸಿಕೊಳ್ಳದೆ ಬಂದ ಹೆಣ್ಣಿಗೆ ಹಿಂದೆ ಯಾರೂ ಇಲ್ಲ ಎಂದು ಅರ್ಥವಂತೆ.

ಅಣ್ಣ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಾಲ್ಕನೇ ದಿನ ನನ್ನನ್ನು ಕರೆಸಿದ.

"ನೀ ಹೋಗಿ ನೋಡಿ ಬಾ. ಅಡ್ಡಿಯಿಲ್ಲ ಅಂತ ನೀ ಅಂದಿ ಅಂದ್ರ ನಾ ಬರ್ತೇನಿ."

"ಏನು ನೋಡ್ಲಿ?"

"ಏನಂತ ಕೇಳ್ತೀಯಲ್ಲೋ! ಮನಿತನ ನೋಡು. ಗುಣ ನೋಡು."

ಒಳಗಿನಿಂದ ಅಣ್ಣನ ಹೆಂಡತಿ, ನಮ್ಮ ವೈನಿ, ಅಂದಳು: "ಫೋಟೋ ಕಳಸ್ರಿ. ಬಣ್ಣಾ ನಾವ ನೋಡ್ತೇವಿ."

ಈ ಘನ ಕಾರ್ಯಕ್ಕೆ ನನ್ನನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಾನು ನಿವೃತ್ತ ಕನ್ನಡ ಮಾಸ್ತರ. ಅದಕ್ಕಿಂತ ಹೆಚ್ಚಾಗಿ, ಸುತ್ತಲಿನ ಹಳ್ಳಿಗಳಿಗೆ ಮದುವೆಯ ಬಯೋಡಾಟಾ ಬರೆದುಕೊಡುವವನು. ಈ ಶಾಸ್ತ್ರದಲ್ಲಿ "ಬಣ್ಣ" ಎಂಬ ಕಲಮು ಬಹಳ ನಾಜೂಕಿನದು. ಬೆಳ್ಳಗಿದ್ದವಳಿಗೆ "ಕೆಂಪು" ಎಂದು ಬರೆಯಬೇಕು. ಒಂದು ಪಾವಟಿಗೆ ಕೆಳಗಿದ್ದರೆ "ಗೋಧಿ ಬಣ್ಣ". ಕಪ್ಪಗಿದ್ದರೂ ಗೋಧಿ ಬಣ್ಣವೇ. ತೀರ ಕಪ್ಪಗಿದ್ದರೆ ಬಣ್ಣದ ಸುದ್ದಿ ಬಿಟ್ಟು "ಲಕ್ಷಣವಾಗಿದ್ದಾಳೆ". "ಕಪ್ಪು" ಎಂಬ ಎರಡಕ್ಷರವನ್ನು ಮೂವತ್ತು ವರ್ಷದಲ್ಲಿ ಆ ಕಲಮಿನ ಎದುರು ನಾನು ಒಮ್ಮೆಯೂ ಬರೆದಿಲ್ಲ.

ಗಂಗಾನಿಗೂ ನಾನೇ ಗೋಧಿ ಎಂದು ಬರೆದಿದ್ದೆ. ಆಕೆಯದು ನಮ್ಮ ಎರಿ ಹೊಲದ ಬಣ್ಣ. ನೋಡಲು ಬಂದ ಹೆಂಗಸರು ಆಕೆಯ ಕೈ ಹಿಡಿದು, ಬಳೆಗಳನ್ನು ಮೊಳಕೈ ಕಡೆಗೆ ಸರಿಸಿ, ಮುಂಗೈ ನೋಡುತ್ತಿದ್ದರು. ಪೌಡರು ಮುಖಕ್ಕೆ ಹತ್ತುತ್ತದೆ, ಬಳೆಯ ಕೆಳಗೆ ಹತ್ತುವುದಿಲ್ಲ ಎಂಬುದು ನಮ್ಮ ಕಡೆಯ ಪಳಗಿದ ಹೆಂಗಸರ ಸಿದ್ಧಾಂತ. ಹೀಗೆ ಎಷ್ಟೋ ಮಂದಿ ಬಂದರು, ಉಪ್ಪಿಟ್ಟು ತಿಂದರು, ಹೋದರು. ಕೊನೆಗೆ ಬಂದಾಕೆ ಮುಂಗೈ ನೋಡಿ, ಕಾಗದ ನೋಡಿ, ನನ್ನ ಕಡೆ ತಿರುಗಿದಳು.

"ಮಾಸ್ತರ್ರ, ಇದು ಯಾವ ಹೊಲದ ಗೋಧಿರೀ?"

ಪಡಸಾಲೆಯ ತುಂಬ ನಗು. ಚಹಾದ ತಾಟು ಹಿಡಿದು ನಿಂತಿದ್ದ ಗಂಗಾ ನನ್ನ ಮುಖ ನೋಡಿದಳು. ನಾನು, ಬಂದವರ ಮರ್ಯಾದೆ ಕಾಯಬೇಕಲ್ಲ, ಸ್ವಲ್ಪ ನಕ್ಕೆ.

ವಿಮಾನದಲ್ಲಿ

ನನ್ನ ಬಾಜೂಕ ದೊಡ್ಡ ಆಳೊಬ್ಬ ಬಂದು ಕೂತ. ಆಫ್ರಿಕಾದವನು. ಕೂಡಲೇ ನನ್ನ ಎರಡೂ ಕೈ ತೊಡೆಯ ಮೇಲಿದ್ದ ಚೀಲವನ್ನು ಅಪ್ಪಿಕೊಂಡವು. ಚೀಲದಲ್ಲಿದ್ದದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಮತ್ತು ವೈನಿ ಮಗಳಿಗೆಂದು ಅರಿವೆಯಲ್ಲಿ ಸುತ್ತಿ ಕೊಟ್ಟ ಹಸಿರು ಗಾಜಿನ ಬಳೆ. ಇದನ್ನು ದೋಚಲು ಯಾರೂ ವಿಮಾನ ಹತ್ತುವುದಿಲ್ಲ ಎಂದು ಬುದ್ಧಿ ಹೇಳಿತು. ಕೈ ಕೇಳಲಿಲ್ಲ.

ಧಾರವಾಡದ ನನ್ನ ಗೆಳೆಯನೊಬ್ಬ ಓದಲು ಬರುವ ಆಫ್ರಿಕಾ ಹುಡುಗರಿಗೆ ಮನೆ ಬಾಡಿಗೆ ಕೊಡುವುದಿಲ್ಲ. ಯಾಕೋ ಎಂದರೆ, "ಹಂಗೇನಿಲ್ಲಪಾ, ಲೈಟ್ ಹೋದ್ರ ಎಲ್ಲಿ ಅದಾರ ಅಂತ ತಿಳಿಯೂದಿಲ್ಲ" ಅನ್ನುತ್ತಾನೆ. ಆ ಮಾತಿಗೆ ಅವನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನಾನು ಬೇಕಾದಷ್ಟು ಸಲ ನಕ್ಕಿದ್ದೇನೆ. ಈಗ ತಾಸುಗಟ್ಟಲೆ ಆ ಹಾಸ್ಯದ ಬಾಜೂಕ ಕೂತಿದ್ದೆ, ನಗು ಬರಲಿಲ್ಲ.

ಇಳಿಯುವಾಗ ನನ್ನ ಸೊಂಟದ ಪಟ್ಟಿ ಬಿಚ್ಚಲಿಲ್ಲ. ಜಗ್ಗಿದೆ, ಹೊರಳಾಡಿದೆ, ಮನೆದೇವರನ್ನು ನೆನೆದೆ. ಆ ಮನುಷ್ಯ ಬಗ್ಗಿ, ಒಂದೇ ಬೆರಳಿನಿಂದ ಕೊಂಡಿ ಎತ್ತಿ ಬಿಡಿಸಿ, "ಪೋಲೆ, ಮ್ಜೇ" ಅಂದು ನನ್ನ ಚೀಲವನ್ನೂ ಕೆಳಗಿನ ತನಕ ಹೊತ್ತುಕೊಟ್ಟ. ಮ್ಜೇ ಅಂದರೆ ಹಿರಿಯರು. ಪೋಲೆ ಅಂದರೆ, ನಿಮಗೆ ಹೀಗಾಗಬಾರದಿತ್ತು ಅಂತ. ಅಲ್ಲಿ ದಾರಿಯಲ್ಲಿ ಯಾರು ಎಡವಿದರೂ, ತಮ್ಮದೇನೂ ತಪ್ಪಿಲ್ಲದಿದ್ದರೂ, ಕಂಡವರು ಪೋಲೆ ಅನ್ನುತ್ತಾರೆ. ನಮ್ಮಲ್ಲಿ ಎಡವಿದವನನ್ನು ಕಂಡರೆ ಮೊದಲು ನಗುತ್ತೇವೆ, ಆಮೇಲೆ "ಕಣ್ಣು ಎಲ್ಲಿಟ್ಟಿದ್ದೀಲೇ?" ಎಂದು ಕ್ಷೇಮ ವಿಚಾರಿಸುತ್ತೇವೆ.

ಸಾಮಾನು ತಪಾಸಣೆಯ ಅಧಿಕಾರಿಣಿ ಚಟ್ನಿಯ ಡಬ್ಬಿ ತೆರೆದು, ಇದೇನು ಔಷಧವೇ ಎಂದು ಕೇಳಿದಳು. ಆಹಾರ ಎಂದೆ. ನಂಬದೆ ಮೂಸಿದಳು. ಒಂದರ ಹಿಂದೊಂದು ಐದು ಸೀನು ಬಂದವು. ಅವಕಾಶ ಬಿಡದೆ ನಾನೂ "ಪೋಲೆ, ಪೋಲೆ" ಅಂದೆ. ಆಕೆ ನಕ್ಕು ಬಿಟ್ಟುಕಳಿಸಿದಳು. ಇಡೀ ಪ್ರವಾಸದಲ್ಲಿ ನಾನು ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡಿದ್ದು ಅದೊಂದೇ.

ಮ್ವಾಂಜಾ

ಕೆರೆಯೊಂದು ಸಮುದ್ರದಂತೆ ನಟಿಸುವ ಊರು. ದಂಡೆಯಲ್ಲಿ ಒಂದರ ಮೇಲೊಂದು ದೊಡ್ಡ ಬಂಡೆಗಲ್ಲುಗಳು, ಯಾರೋ ಕಟ್ಟಲು ತಂದು ಬೇಸರಾಗಿ ಬಿಟ್ಟು ಹೋದಂತೆ. ಗಂಗಾ ಕರೆಯಲು ಬಂದಿದ್ದಳು. ತಲೆ ಎತ್ತಿ, ದಾರಿಯ ನಡುವೆ ನಡೆದು ಬಂದಳು. ಇದನ್ನು ಬೇರೆಯಾಗಿ ಬರೆಯಲು ಕಾರಣ, ಯರಗುಪ್ಪಿಯಲ್ಲಿ ಆಕೆ ಯಾವಾಗಲೂ ಗೋಡೆಯ ಬದಿ ಹಿಡಿದು ನಡೆಯುತ್ತಿದ್ದಳು.

"ಕಾಕಾ, ಸೊರಗೀರಿ."

"ನೀ ಚೊಲೋ ಆಗೀದಿ."

"ಬೆಳ್ಳಗ ಆಗೇನೇನು?" ಎಂದು ನಕ್ಕಳು. ನಾನು ಚೀಲ ಹುಡುಕುವ ನೆಪ ಮಾಡಿದೆ.

ಆ ಊರಿನ ಮಕ್ಕಳು ಹಿರಿಯರನ್ನು ಕಂಡರೆ "ಶಿಕಾಮೂ" ಅನ್ನುತ್ತಾರೆ. ನಿಮ್ಮ ಪಾದ ಹಿಡಿದೆ ಎಂದು ಅರ್ಥವಂತೆ. ಬಗ್ಗುವುದಿಲ್ಲ, ಬಾಯಿಯಿಂದಲೇ ಹಿಡಿಯುತ್ತಾರೆ. "ಮರಹಬಾ" ಎಂದು ಗಂಭೀರವಾಗಿ ಸ್ವೀಕರಿಸಬೇಕು. ನಿವೃತ್ತಿಯ ನಂತರ ನನಗೆ ಬೀಳುವ ನಮಸ್ಕಾರಗಳು ಬಹಳ ಇಳಿದಿದ್ದವು. ಏನೋ ಮರೆತವನಂತೆ ಅದೇ ಓಣಿಯಲ್ಲಿ ಮೂರು ಸಲ ಅಡ್ಡಾಡಿದೆ.

ಸೋಪು ತರಲು ಹೋದ ಅಂಗಡಿಯಲ್ಲಿ ಮುಖ ಬೆಳ್ಳಗಾಗುವ ಮುಲಾಮಿನ ಡಬ್ಬಿಗಳು ಸಾಲಾಗಿ ನಿಂತಿದ್ದವು. ನಮ್ಮ ಕುಂದಗೋಳದ ಅಂಗಡಿಯ ಮುಂದೆಯೇ ನಿಂತಂತಾಯಿತು.

"ಇಲ್ಲೂ ಹಚ್ಚತಾರೇನವಾ?"

"ಹಚ್ಚತಾರ್ರಿ. ಅವ್ವ ನನಗ ಹಚ್ಚತಿದ್ದಳಲ್ಲ, ನೆನಪೈತೇನು? ಮಾರಿ ತೊಗಲು ಸುಲಿದು ಬಂತು ಕಾಕಾ. ಕೆಳಗ ಮತ್ತ ನಾನ ಇದ್ದೆ."

ಎರಿ ಮಣ್ಣು

ಮರುದಿನ ಮಸಂಜಾ ತನ್ನ ಹಳ್ಳಿಗೆ ಕರೆದೊಯ್ಯಲು ಜೀಪು ತಂದ. ಬಾಗಿಲು ತೆರೆದು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ: "ಬರ್ರಿ ಕಾಕಾ. ಕುಂದರ್ರಿ ಕಾಕಾ." ಗಂಗಾ ಕಲಿಸಿದ ಕನ್ನಡ, ಮುಂದಿನದೆಲ್ಲ ಇಂಗ್ಲಿಷಿನಲ್ಲಿ.

ಮಸಂಜಾ ಕಪ್ಪಗಿದ್ದ. ಪರದೇಶದವರ ಬಗ್ಗೆ ಬರೆಯುವಾಗ ಈ ಶಬ್ದ ಎಷ್ಟು ಸರಳವಾಗಿ ಬರುತ್ತದೆ, ನೋಡಿ.

ದಾರಿಯಲ್ಲಿ ಮಳೆ ಹಿಡಿಯಿತು. ಎರಡೂ ಕಡೆ ಹತ್ತಿ ಹೊಲ, ನಡುವೆ ಕರಿ ಮಣ್ಣಿನ ದಾರಿ. ಅಗದಿ ನಮ್ಮ ಎರಿ. ಜೀಪು ಹೂತು ನಿಂತಿತು. ನಾನು ಕೆಳಗಿಳಿದೆ, ನಾಕು ಹೆಜ್ಜೆಗೆ ಒಂದೊಂದು ಕಾಲಿಗೆ ಒಂದೊಂದು ಬುಟ್ಟಿ ಮಣ್ಣು ಹತ್ತಿತು. ಸಾವಿರಾರು ಮೈಲು ಬಂದು ಅದೇ ಕೆಸರಿನಲ್ಲಿ ನಿಂತಿದ್ದೆ. ಈ ವಿದ್ಯೆಯಲ್ಲಿ ಮಾತ್ರ ನಾನು ಯಾರಿಗೂ ಕಡಿಮೆಯಿಲ್ಲ. ಬದುವಿನಲ್ಲಿ ಒಣಗಿ ಬಿದ್ದ ಹತ್ತಿ ಕಟಿಗೆ ಆರಿಸಿ ತರಿಸಿ ಗಾಲಿಯ ಕೆಳಗೆ ತುರುಕಿಸಿದೆ. ಮಸಂಜಾ ಅಂಗಿ ತೋಳು ಮಡಿಚಿ ಹಿಂದಿನಿಂದ ದೂಡಿದ. ಜೀಪು ಎದ್ದು ಬಂತು. "ಪ್ರೊಫೆಸರ್!" ಎಂದು ನನಗೆ ಸೆಲ್ಯೂಟು ಹೊಡೆದ.

ಆಗ ಮೋಡ ಸರಿದು ಬಿಸಿಲು ಬಿತ್ತು. ನೀರು ಇಳಿಯುತ್ತಿದ್ದ ಅವನ ತೋಳು, ಮಳೆ ನಿಂತ ಮೇಲೆ ನೇಗಿಲ ಹೊಡೆದ ಹೊಲ ಮಿಂಚುತ್ತದಲ್ಲ, ಹಾಗೆ ಮಿಂಚಿತು. ಚೆಂದ ಅನಿಸಿತು. ಅನಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ನಾವು ಹೊಲ ಕೊಳ್ಳುವಾಗ ಮೊದಲು ಕೇಳುವುದು, ಮಣ್ಣು ಕರ್ರಗ ಐತೇನು? ಹೌದು ಅಂದರೆ ಮುಖ ಅರಳುತ್ತದೆ. ಕನ್ಯಾ ನೋಡಲು ಹೋಗುವಾಗಲೂ ಅದೇ ಪ್ರಶ್ನೆ. ಹೌದು ಅಂದರೆ ಚಪ್ಪಲಿ ಹುಡುಕುತ್ತೇವೆ. ಆಕಳು ಕರೇದಾದರೆ ಹಾಲು ಕರೇದೇನು ಎಂಬ ಗಾದೆ ನಮ್ಮಲ್ಲಿದೆ, ನಿಜ. ಆದರೆ ಅದನ್ನು ಆಕಳಿಗಷ್ಟೇ ಹೇಳುವುದು.

ಮಸಂಜಾನ ಮನೆ

ದೊಡ್ಡ ಅಂಗಳ, ಮುಳ್ಳಿನ ಬೇಲಿಯೊಳಗೆ ದನ, ಮಾವಿನ ಮರದ ಕೆಳಗೆ ಹಿರಿಯರು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಬಡಿಸಿದರು. ಅವರಲ್ಲಿ ಗಂಡಿನವರೇ ಹೆಣ್ಣಿನವರಿಗೆ ದನ ಕೊಡುತ್ತಾರೆಂದು ತಿಳಿದು ನಾನು ಮುದ್ದೆ ನುಂಗುವುದನ್ನೇ ಮರೆತೆ. ನಮ್ಮ ಕಡೆಯ ಎಷ್ಟು ಜನ ತಂದೆಯರು ಇದನ್ನು ಕೇಳಿದರೆ ಪಾಸ್‌ಪೋರ್ಟ್ ಮಾಡಿಸುತ್ತಾರೋ ಅನಿಸಿತು.

ಗಂಗಾ ತಾಯಿ ಕಳಿಸಿದ ಹಸಿರು ಬಳೆ ತೊಟ್ಟಿದ್ದಳು. ಮಸಂಜಾನ ಸೋದರತ್ತೆ ಬಂದು ಆಕೆಯ ಕೈ ಹಿಡಿದಳು. ಬಳೆಗಳನ್ನು ಮೊಳಕೈ ಕಡೆಗೆ ಸರಿಸಿದಳು. ಮುಂಗೈ ನೋಡಿದಳು.

ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಗಂಗಾನ ಬೆನ್ನು ಯರಗುಪ್ಪಿಯ ಪಡಸಾಲೆಯಲ್ಲಿ ಸೆಟೆಯುತ್ತಿದ್ದ ಹಾಗೆಯೇ ಸೆಟೆಯಿತು. ಅತ್ತೆ ತನ್ನ ಮುಂಗೈಯನ್ನು ಅದರ ಬಾಜೂಕ ಇಟ್ಟು, ಉಳಿದ ಹೆಂಗಸರಿಗೆ ತೋರಿಸಿ ಏನೋ ಅಂದಳು. ಎಲ್ಲರೂ ಸಂತೋಷದಿಂದ ತಲೆಯಾಡಿಸಿದರು.

"ಏನಂದ್ಲು?" ಎಂದು ಕೇಳಿದೆ.

"ಹುಡುಗಿ ಬೆಳ್ಳಗ ಅದಾಳ ಅಂದ್ಲು. ಬೆಳ್ಳಗಿದ್ದಾಕಿಗೆ ದನ ಹೆಚ್ಚು ಕೊಡಬೇಕಂತ." ಗಂಗಾ ಬಳೆಗಳನ್ನು ಒಂದೊಂದಾಗಿ ಕೆಳಗಿಳಿಸಿಕೊಂಡಳು. "ಅಲ್ಲಿ ಕರಿಯಾಕಿ, ಇಲ್ಲಿ ಬಿಳಿಯಾಕಿ. ನೋಡೂ ಜಾಗಾ ಮಾತ್ರ ಎರಡೂ ಕಡೆ ಒಂದ ಕಾಕಾ, ಬಳಿ ಕೆಳಗ."

ಮಸಂಜಾ ಅತ್ತೆಗೆ ಏನೋ ಬಿರುಸಾಗಿ ಅಂದ. ಆಕೆ ತಪ್ಪೇನಾಯಿತೆಂದು ತಿಳಿಯದೆ ನೋಡಿದಳು; ಹೊಗಳಿದ್ದಳಲ್ಲ. ನನಗೆ ನಾಚಿಕೆಯಾಗಬೇಕಿತ್ತು. ಒಳಗೊಳಗೆ ಆದದ್ದು ಸಮಾಧಾನ: ಸದ್ಯ, ನಾವು ಒಬ್ಬರೇ ಅಲ್ಲ.

ಫೋಟೋ

ಊಟದ ನಂತರ ಇಬ್ಬರನ್ನೂ ಮಾವಿನ ಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದೆ. ಚೆನ್ನಾಗಿ ಬಂದಿತ್ತು, ಇಬ್ಬರೂ ನಗುತ್ತಿದ್ದರು. ಅಣ್ಣನಿಗೆ ಕಳಿಸುವ ಮೊದಲು ಒಮ್ಮೆ ನೋಡಿದೆ. ಅಣ್ಣನ ಕಣ್ಣಿನಿಂದ ನೋಡಿದೆ.

ನನ್ನ ಫೋನಿನಲ್ಲಿ ಮುಖ ತಿದ್ದುವ ಸೌಕರ್ಯವಿದೆ. ಒಂದು ಗುಂಡಿಯನ್ನು ಬೆರಳಿನಿಂದ ಬಲಕ್ಕೆ ಸರಿಸಿದರೆ ಮನುಷ್ಯ ಬೆಳ್ಳಗಾಗುತ್ತ ಹೋಗುತ್ತಾನೆ. ಬಯೋಡಾಟಾಕ್ಕೆ ಅಂಟಿಸುವ ಫೋಟೋಗಳಿಗೆ ಇದನ್ನು ದಿನಾ ಮಾಡಿ ಕೈ ಪಳಗಿದೆ. ಸರಿಸಿದೆ. ಸ್ವಲ್ಪವೇ, ಉಪಕಾರಕ್ಕೆಂದು. ಎಡಕ್ಕೆ ಮಸಂಜಾ ಹೋದ. ಬಲಕ್ಕೆ ಹುಬ್ಬಳ್ಳಿಯ ಯಾವನೋ ಬ್ಯಾಂಕಿನವನು ಬಂದ. ಕಳಿಸಿದೆ.

ಇದು ನನ್ನ ಮೊದಲನೇ ಇಂಥ ಫೋಟೋ ಅಲ್ಲ. ನೌಕರಿಯ ಮೊದಲಿಗೆ ಕಲಘಟಗಿ ಕಡೆಯ ಅಡವಿ ಅಂಚಿನ ಒಂದು ಶಾಲೆಯಲ್ಲಿದ್ದೆ. ಅಲ್ಲಿ ಒಬ್ಬ ಸಿದ್ದಿ ಹುಡುಗಿ ಓದುತ್ತಿದ್ದಳು. ಆಕೆಯ ಹಿರೀಕರು ಯಾವ ಕಾಲದಲ್ಲೋ ಈ ಆಫ್ರಿಕಾದಿಂದ ಬಂದವರು, ಆಕೆ ನನಗಿಂತ ಚೊಲೋ ಕನ್ನಡ ಓದುತ್ತಿದ್ದಳು. ವರ್ಗದ ಫೋಟೋ ತೆಗೆಯುವ ದಿನ ಮುಂದಿನ ಸಾಲಿನಲ್ಲಿ ಬಂದು ಕೂತಳು. "ಹಿಂದ ನಿಂದರವಾ, ಫೋಟೋ ಕಪ್ಪಾಕ್ಕೈತಿ" ಅಂದೆ. ಎದ್ದು ಹಿಂದೆ ಹೋದಳು. ಫೋಟೋದಲ್ಲಿ ಆಕೆಯ ಹಣೆ ಅಷ್ಟೇ ಇದೆ. ಆಕೆಯ ಹೆಸರು ನನಗೆ ಮರೆತಿದೆ. ನನ್ನ ಹೆಸರು ಆಕೆಗೆ ನೆನಪಿದ್ದೀತು.

ಅರ್ಧ ತಾಸಿಗೆ ಅಣ್ಣನ ಫೋನು ಬಂತು.

"ನೋಡಿದ್ನೋ. ಅಡ್ಡಿಯಿಲ್ಲ ಬಿಡು. ನಾವು ಏನೇನೋ ಅಂದ್ಕೊಂಡು ಕುಂತಿದ್ವಿ. ನಮ್ಮಂಗ ಅದಾನಲ್ಲ! ಬರ್ತೇನಿ, ಹೇಳು ಗಂಗಾಗ."

ಹೇಳಿದೆ. ಗಂಗಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಮಸಂಜಾನ ತಂದೆ ನನ್ನ ಎರಡೂ ಕೈ ಹಿಡಿದು ಕುಲುಕಿದ. ಒಂದು ತಾಸು, ಇಡೀ ಅಂಗಳದಲ್ಲಿ ನಾನೇ ದೊಡ್ಡ ಮನುಷ್ಯ.

ಆಮೇಲೆ ಗಂಗಾ ಅಂದಳು: "ಅಪ್ಪಗ ಯಾವ ಫೋಟೋ ಕಳಿಸಿದ್ರಿ? ತೋರಸ್ರಿ ಕಾಕಾ."

ತೋರಿಸಿದೆ. ಬಹಳ ಹೊತ್ತು ನೋಡಿದಳು. ಮಸಂಜಾ ಭುಜದ ಮೇಲಿಂದ ಬಗ್ಗಿ ನೋಡಿ, ಇವನು ಯಾರಪ್ಪಾ ಚೆಲುವ, ಎಂದು ಇಂಗ್ಲಿಷಿನಲ್ಲಿ ನಗಲು ಹೋಗಿ, ಗಂಗಾನ ಮುಖ ಕಂಡು ಹಿಂದೆ ಸರಿದ.

"ಅವನ ಒಬ್ಬನ್ನ ಅಲ್ಲ, ನನ್ನೂ ಬೆಳ್ಳಗ ಮಾಡೀರಿ."

"ಗುಂಡಿ ಇಡೀ ಫೋಟೋಕ್ಕ ಹತ್ತತೈತವಾ..."

"ಅಪ್ಪ ನನ್ನ ಹುಟ್ಟಿದಾಗಿಂದ ನೋಡ್ಯಾನ ಕಾಕಾ. ಇದರಾಗ ನಾ ಬ್ಯಾರೆ ಕಾಣ್ತೇನಿ ಅಂತ ಅವಗೂ ತಿಳಿಲಿಲ್ಲ?"

ಫೋನು ತಿರುಗಿ ಇಸಿದುಕೊಳ್ಳಲು ಕೈ ಚಾಚಿದೆ.

"ನೀವು ಸುಳ್ಳು ಬರೀತಿದ್ರಿ ಅಂತ ನನಗ ಬ್ಯಾಸರಿಲ್ಲ," ಅಂದಳು. "ಆಕಿ ಯಾವ ಹೊಲದ ಗೋಧಿ ಅಂದಾಗ ನೀವೂ ನಕ್ರಿ. ನಾ ನಿಮ್ಮ ಮಾರೀನ ನೋಡಾಕತ್ತಿದ್ದೆ."

ಮರುದಿನ

ಬೆಳಿಗ್ಗೆ ಗಂಗಾ ಮಸಂಜಾನನ್ನು ಅಂಗಳದ ನಟ್ಟನಡುವೆ, ಬಿಸಿಲಿನಲ್ಲಿ ನಿಲ್ಲಿಸಿ, ತಂದೆಗೆ ವಿಡಿಯೋ ಕಾಲ್ ಮಾಡಿದಳು. ಬೇಡವೆಂದು ನಾನು ಹೇಳಿ ನೋಡಿದೆ. "ಖರೇ ಮಾರಿ ನೋಡಿ ಬರಲಿ, ಇಲ್ಲಾ ಬರೂದ ಬ್ಯಾಡ" ಅಂದಳು.

ಅಣ್ಣನ ಮುಖ ಕಾಣಿಸಿತು. ಹೊಸ ಟೊಪ್ಪಿಗೆ ಹಾಕಿಕೊಂಡಿದ್ದ. ಮಸಂಜಾ ಕೈ ಮುಗಿದ. "ಶರಣರೀ ಮಾಮಾ. ಬರ್ರಿ." ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನಂತೆ.

ಅಣ್ಣ ನೋಡಿದ. ಹಿಂದಿನಿಂದ ವೈನಿಯ ದನಿ: "ಅಯ್ಯ ಶಿವನ!" ಅಣ್ಣ ಒಮ್ಮೆ ಮಗಳನ್ನು ನೋಡಿದ, ಒಮ್ಮೆ ನನ್ನನ್ನು ಹುಡುಕಿದ.

"ಗಂಗಾ, ಕೇಳಸವಲ್ದು. ನೆಟ್‌ವರ್ಕ್ ಬರೋಬ್ಬರಿ ಇಲ್ಲ."

ನೆಟ್‌ವರ್ಕ್ ಬರೋಬ್ಬರಿ ಇತ್ತು. ಅವನ ಗೋಡೆಯ ಗಡಿಯಾರ ಟಿಕ್ ಅನ್ನುವುದು ನಮಗೆ ಕೇಳುತ್ತಿತ್ತು. ಆಮೇಲೆ ಪರದೆ ಆರಿತು. ಗಂಗಾ ಮತ್ತೆ ಹಚ್ಚಿದಳು. ಮತ್ತೆ ಹಚ್ಚಿದಳು. ಎತ್ತಲಿಲ್ಲ.

ಮಸಂಜಾ ನನ್ನ ಕಡೆ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟ. "ಪೋಲೆ, ಕಾಕಾ." ಎಡವಿದವನು ನಾನು ಎಂದು ಅವನು ತಿಳಿದಿದ್ದ. ತಪ್ಪು ತಿಳಿದಿರಲಿಲ್ಲ.

ಅವನ ತಂದೆ ಹಿರಿಯರೊಂದಿಗೆ ಮಾತಾಡಿ ಬಂದು ಹೇಳಿಸಿದ: ತಂದೆಗೆ ಬರಲಾಗದಿದ್ದರೆ ಕಾಕಾ ಇದ್ದಾರಲ್ಲ. ಕಾಕಾ ಎದ್ದು ನಿಂತು ಆ ಒಂದು ಮಾತು ಅಂದರೆ ಸಾಕು. ಗಂಗಾ ಅದನ್ನು ಕನ್ನಡದಲ್ಲಿ ನನಗೆ ಹೇಳಿ, ಕಾದಳು. ಇಡೀ ಅಂಗಳ ಕಾಯಿತು. ನಾನು ಮಾವಿನ ಮರದ ಕೆಳಗೆ ಕೂತಿದ್ದೆ. ಎದ್ದು ನಿಲ್ಲುವುದು, ಒಂದು ಶಬ್ದ ಹೇಳುವುದು. ಮಸಂಜಾನನ್ನು ನೋಡಿದೆ. ಮನೆತನ ನೋಡಿದ್ದೆ, ಗುಣ ನೋಡಿದ್ದೆ, ಎರಡರಲ್ಲೂ ಕೊರತೆಯಿರಲಿಲ್ಲ.

"ಅಣ್ಣ ಜೀವಂತ ಇರೂವಾಗ ನಾ ಹೆಂಗ ಅನ್ನಲವಾ? ನಮ್ಮ ಪದ್ಧತಿ ಒಳಗ ಅದು..."

"ಬಿಡ್ರಿ ಕಾಕಾ," ಅಂದಳು ಗಂಗಾ. "ಚಹಾ ತರ್ತೇನಿ."

ಹಿರಿಯರಿಗೆ ಏನೆಂದು ಹೇಳಿದಳೋ ಗೊತ್ತಿಲ್ಲ. ಕೈಯಲ್ಲಿ ತಾಟು ಹಿಡಿದು ಮರಳಿ ಬರುವಾಗ ಬೇಲಿಯ ಬದಿ ಹಿಡಿದು ನಡೆದು ಬಂದಳು.

ಮತ್ತೆ ಯರಗುಪ್ಪಿ

ಗಂಗಾನ ಲಗ್ನ ಅಲ್ಲಿನ ಕಚೇರಿಯಲ್ಲಿ ಸಹಿ ಹಾಕಿ ಆಯಿತಂತೆ. ನಾನು ಬಂದ ಮೇಲೆ. ಅಣ್ಣ ನನ್ನ ಪ್ರವಾಸದ ಬಗ್ಗೆ ಒಂದು ಮಾತೂ ಕೇಳಿಲ್ಲ. ಕೇಳುವವರು ಉಳಿದ ಊರಿನವರು. "ಮಾಸ್ತರ್ರ, ಹೆಂಗೈತ್ರಿ ಆ ದೇಶ?" ಬಂಡೆಗಲ್ಲಿನ ಸುದ್ದಿ ಹೇಳುತ್ತೇನೆ. ಚಟ್ನಿಯ ಸುದ್ದಿ ಹೇಳುತ್ತೇನೆ. ನಗುತ್ತಾರೆ.

ಹೋದ ವಾರ ಒಬ್ಬರು ಮಗಳನ್ನು ಕರೆದುಕೊಂಡು ಬಯೋಡಾಟಾ ಬರೆಸಲು ಬಂದರು. ಡಿಗ್ರಿ ಮುಗಿಸಿದ ಹುಡುಗಿ, ಚುರುಕು ಕಣ್ಣು, ನಮ್ಮ ಹೊಲದ ಬಣ್ಣ. ಹೆಸರು ಬರೆದೆ, ನಕ್ಷತ್ರ ಬರೆದೆ, ಎತ್ತರ ಬರೆದೆ. "ಬಣ್ಣ" ಎಂಬ ಕಲಮನ್ನು ಖಾಲಿ ಬಿಟ್ಟು ಮುಂದಕ್ಕೆ ಹೋದೆ. ಅಷ್ಟು ಮಾಡುವ ಧೈರ್ಯ ನನಗೆ ಬಂದಿತ್ತು ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಿ.

ತಂದೆ ಗಮನಿಸಲಿಲ್ಲ. ಹುಡುಗಿ ಗಮನಿಸಿದಳು. ಕಾಗದದ ಮೇಲೆ ಬಗ್ಗಿ, ಬೆರಳಿಟ್ಟು ತೋರಿಸಿದಳು. ಇನ್ನೊಂದು ಕೈಯಿಂದ ಬಳೆಗಳನ್ನು ಮಣಿಕಟ್ಟಿನ ತನಕ ಜಗ್ಗಿ ಇಳಿಸಿಕೊಂಡಿದ್ದಳು.

"ಸರ್, ಇಲ್ಲೆ ಬಿಟ್ಟೀರಿ. ಗೋಧಿ ಅಂತ ಬರೀರಿ."

ಬರೆದೆ.